ಬ್ರೈಟ್‌ನೆಸ್ ಕೀ ಒತ್ತಿದರೂ ಪರದೆ ಬದಲಾಗದಿದ್ದರೆ

ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಮೇಲೆ ಬ್ರೈಟ್‌ನೆಸ್ ಪಟ್ಟಿ ಏರಿಳಿಯುತ್ತದೆ, ಪರದೆಯ ಬೆಳಕು ಮಾತ್ರ ಹಾಗೇ ಇದೆ ಅಂತಾದರೆ, ಇದು ಬಹುಪಾಲು ಫರ್ಮ್‌ವೇರಿನ (ಯಂತ್ರದೊಳಗೇ ತಯಾರಕರು ಹಾಕಿಟ್ಟ ತಂತ್ರಾಂಶದ) ತಪ್ಪು, ನಿಮ್ಮದಲ್ಲ. ಬೆಳಕು ನಿಯಂತ್ರಿಸುವ ಎಸಿಪಿಐ ಮೆಥಡ್ (ಫರ್ಮ್‌ವೇರ್ ಮೂಲಕ ಯಂತ್ರವನ್ನು ನಿಯಂತ್ರಿಸುವ ಪದ್ಧತಿಯ ಒಂದು ಆಜ್ಞೆ) ತನ್ನಲ್ಲಿದೆ ಎಂದು ಬಯೋಸ್, ಅಂದರೆ ಆ ಫರ್ಮ್‌ವೇರ್, ಹೇಳಿಕೊಳ್ಳುತ್ತದೆ, ಆದರೆ ಲಿನಕ್ಸಿನ ತಿರುಳಾದ ಕರ್ನಲ್ ಅದನ್ನು ಕರೆದರೆ ಏನೂ ಆಗುವುದಿಲ್ಲ.

ಮೊದಲು /ಸಿಸ್/ಕ್ಲಾಸ್/ಬ್ಯಾಕ್‌ಲೈಟ್ ಫೋಲ್ಡರ್ ನೋಡಿ. ಅಲ್ಲಿ ಎಸಿಪಿಐ_ವಿಡಿಯೋ0 ಮಾತ್ರ ಇದ್ದರೆ, ಅಂದರೆ ಎಸಿಪಿಐ ದಾರಿಯೊಂದೇ ಇದ್ದರೆ, ಗ್ರಬ್ ಮೆನುವಿನಲ್ಲಿ (ಯಂತ್ರ ಶುರುವಾಗುವಾಗ ಬರುವ ಆಯ್ಕೆಪಟ್ಟಿಯಲ್ಲಿ) ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್ ಸೇರಿಸಿ (ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ: acpi_backlight=native; ಎಸಿಪಿಐ ಬಿಟ್ಟು ಗ್ರಾಫಿಕ್ಸ್ ಡ್ರೈವರ್ ಮೂಲಕವೇ ಬೆಳಕು ಬದಲಿಸು ಎಂಬ ಸೂಚನೆ ಇದು), ಕಂಟ್ರೋಲ್-ಎಕ್ಸ್ ಒತ್ತಿ ಬೂಟ್ ಮಾಡಿ. ಈ ಬದಲಾವಣೆ ಆ ಒಂದು ಬೂಟಿಗೆ ಮಾತ್ರ, ಹೆದರಬೇಡಿ.

ಸರಿಹೋದರೆ ದಯವಿಟ್ಟು ಅಷ್ಟಕ್ಕೇ ಸುಮ್ಮನಾಗಬೇಡಿ. ಕರ್ನಲ್‌ನ ವಿಡಿಯೋ_ಡಿಟೆಕ್ಟ್ ಎಂಬ ಸೋರ್ಸ್ ಫೈಲಿನಲ್ಲಿ ಇಂಥ ಮಾಡೆಲ್‌ಗಳ ಪಟ್ಟಿಯೇ ಇದೆ; ನಿಮ್ಮದೂ ಸೇರಿದರೆ ಅದೇ ಲ್ಯಾಪ್‌ಟಾಪ್ ಕೊಂಡವರಿಗೆ ಈ ಪಾಡು ತಪ್ಪುತ್ತದೆ. ಡಿಎಂಐಡಿಕೋಡ್ (ಯಂತ್ರದ ವಿವರ ತೋರಿಸುವ ಆಜ್ಞೆ) ತೋರಿಸುವ ತಯಾರಕರ ಹೆಸರು, ಮಾಡೆಲ್ ಎರಡನ್ನೂ ಲಿನಕ್ಸ್ ಎಸಿಪಿಐ ಮೇಲಿಂಗ್ ಲಿಸ್ಟ್‌ಗೆ (ಆ ಭಾಗದ ಕೆಲಸ ಮಾಡುವವರ ಇಮೇಲ್ ಬಳಗಕ್ಕೆ) ಕಳಿಸಿ, ಸೀರಿಯಲ್ ನಂಬರ್ ಅಳಿಸಿ.