ಸಂಪಾದಕರ ಉತ್ತರ: ಆ ನೆನಪುಗಳು ನಿಮ್ಮವೂ ಹೌದು

ಹೆಸರು ಹಾಕಬೇಡಿ ಎಂದು ಬರೆದಿರುವ ಸೋದರಿಗೆ ನಮಸ್ಕಾರ.

ಬೇರೆ ಓದುಗರಿಗಾಗಿ ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. ನಿಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ ಎರಡು ವರ್ಷವಾಯಿತು. ಬಲಗೈಗೆ ಶಕ್ತಿಯಿಲ್ಲ, ಮಾತು ತಡವರಿಸುತ್ತದೆ. ಹಳೆಯದನ್ನು ನೆನಪಿಸುವ 'ನೆನಪಿನ ಚಿಕಿತ್ಸೆ' ಅಂತ ಒಂದಿದೆ, ಮಾಡಿ ನೋಡಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದರು. ನೀವು ಆಲ್ಬಮ್ ತೆಗೆದು ಪಕ್ಕ ಕೂತು, "ಇವರು ಯಾರು ಹೇಳಿ ನೋಡೋಣ" ಅಂದಿರಿ. ಅವರು ಹೆಸರಿಗಾಗಿ ತಡಕಾಡಿ, ಸಿಗದೆ ಅತ್ತುಬಿಟ್ಟರು. ಆ ರಾತ್ರಿ ನೀವೂ ಅತ್ತಿರಿ. "ಅವರಿಗೂ ಹಿಂಸೆ, ನನಗೂ ಹಿಂಸೆ. ಬಿಟ್ಟುಬಿಡಲೇ?" ಎಂದು ಕೇಳಿದ್ದೀರಿ.

ಬಿಡಬೇಡಿ. ಆದರೆ "ಇವರು ಯಾರು ಹೇಳಿ" ಅನ್ನುವುದನ್ನು ಮಾತ್ರ ಇವತ್ತೇ ಬಿಟ್ಟುಬಿಡಿ.

ಬಲಗೈ ಸೋತು ಮಾತೂ ಕಷ್ಟವಾಗಿದೆ ಎಂದರೆ ಪೆಟ್ಟು ಬಿದ್ದಿರುವುದು ಮಿದುಳಿನ ಎಡಭಾಗಕ್ಕೆ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಅಲ್ಲೇ. ಇಂಥವರಿಗೆ ಫೋಟೋದಲ್ಲಿರುವ ಮನುಷ್ಯ ಯಾರು, ಅವನ ಸ್ವಭಾವ ಏನು, ಎಲ್ಲಾ ಗೊತ್ತಿರಬಹುದು. ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ನಿಮ್ಮ ಪ್ರಶ್ನೆ ಅವರಿಗೆ ಪರೀಕ್ಷೆಯಾಯಿತು, ಅಷ್ಟೇ. ಇನ್ನೊಂದು ವಿಷಯ. ಸ್ಟ್ರೋಕ್ ಆದ ಕೆಲವರಿಗೆ ಅಳುವಾಗಲಿ ನಗುವಾಗಲಿ ಹಿಡಿತಕ್ಕೆ ಸಿಗುವುದಿಲ್ಲ. ಸಣ್ಣದಕ್ಕೂ ಕಣ್ಣೀರು ಬಂದುಬಿಡುತ್ತದೆ. ಹೀಗೆ ಪದೇ ಪದೇ ಆಗುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೆ ಔಷಧಿ ಇದೆ.

ಮುಂದಿನ ಸಲ ಕೂತಾಗ ಕೇಳಬೇಡಿ, ನೀವೇ ಹೇಳಿ. ಒಂದೇ ಫೋಟೋ ಸಾಕು. "ಅವತ್ತು ಎಂಥಾ ಮಳೆ! ನೀವು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದಿದ್ರಿ" ಎಂದು ಹೇಳಿ ಸುಮ್ಮನಾಗಿ. ಆ ಮೌನವನ್ನು ತುಂಬಲು ಹೋಗಬೇಡಿ, ಅವರಿಗೆ ಹೊತ್ತು ಬೇಕು. ತಲೆ ಆಡಿಸಬಹುದು, ಬೆರಳು ತೋರಿಸಬಹುದು, ನೀವು ಮರೆತ ಯಾವುದೋ ಸಂಗತಿ ಸನ್ನೆಯಲ್ಲೇ ಹೇಳಬಹುದು. ಕೇಳಲೇಬೇಕಿದ್ದರೆ ಹೌದು, ಅಲ್ಲ ಅನ್ನುವಂಥದ್ದು ಕೇಳಿ. ತಪ್ಪು ಹೇಳಿದರೆ ತಿದ್ದುವುದು ಬೇಡ. ಅವರ ಹಳೆಯ ಗಡಿಯಾರವನ್ನೋ, ಬಳಸುತ್ತಿದ್ದ ಪೆನ್ನನ್ನೋ ಎಡಗೈಗೆ ಕೊಟ್ಟು ನೋಡಿ. ಹತ್ತರಿಂದ ಮೂವತ್ತು ವಯಸ್ಸಿನೊಳಗೆ ನಡೆದದ್ದು ಮುಪ್ಪಿನಲ್ಲೂ ಜಾಸ್ತಿ ನೆನಪಿರುತ್ತದೆ. ಆದ್ದರಿಂದ ಮೊದಮೊದಲು ನೀವಿಬ್ಬರೂ ಚಿಕ್ಕವರಾಗಿದ್ದ ಕಾಲಕ್ಕೇ ಹೋಗಿ.

ಹಾಡನ್ನಂತೂ ಮರೆಯಬೇಡಿ. ಒಂದು ವಾಕ್ಯ ಆಡಲಾರದವರು ಹಳೆಯ ಹಾಡನ್ನು ಪದಗಳ ಸಮೇತ ಹಾಡುವುದುಂಟು. ಇದನ್ನೇ ಹಿಡಿದು 1973ರ ಸುಮಾರಿಗೆ ರಾಗದ ಮೂಲಕ ಮಾತು ಕಲಿಸುವ ಒಂದು ಚಿಕಿತ್ಸೆಯೇ ಹುಟ್ಟಿತು. ನೀವು ಗುನುಗಲು ಶುರು ಮಾಡಿ, ಅವರು ಸೇರಿಕೊಂಡರೆ ಸೇರಿಕೊಳ್ಳಲಿ.

ಇನ್ನು ನಿಮ್ಮ ವಿಷಯ. ಪತ್ರದ ಕೊನೆಯಲ್ಲಿ "ನನಗೂ ಹಿಂಸೆ" ಎಂದಷ್ಟೇ ನೀವು ನಿಮ್ಮ ಬಗ್ಗೆ ಬರೆದಿದ್ದೀರಿ, ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಮುದುಕರು ಹಳೆಯದನ್ನೇ ಹೇಳಿಕೊಂಡು ಕೂರುವುದು ಬುದ್ಧಿ ಮಂಕಾದ ಗುರುತು ಎಂದು ಒಂದು ಕಾಲದಲ್ಲಿ ವೈದ್ಯರೂ ಭಾವಿಸಿದ್ದರು. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅದು ಹಾಗಲ್ಲ, ಬಾಳನ್ನು ಹಿಂದಿರುಗಿ ನೋಡುವುದು ಆ ವಯಸ್ಸಿನ ಸಹಜ ಕೆಲಸ ಎಂದು ಬರೆದರು. ನೆನಪಿನ ಚಿಕಿತ್ಸೆ ಬೆಳೆದದ್ದು ಆ ವಿಚಾರದಿಂದ. ಇದರಿಂದ ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಎಂದು ಮಾತ್ರ ನಾನು ಹೇಳಲಾರೆ. ಮರೆವಿನ ಕಾಯಿಲೆಯವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಒಟ್ಟಿಗೆ ಕೂರಿಸಿ ಬ್ರಿಟನ್ನಿನಲ್ಲಿ ದೊಡ್ಡ ಅಧ್ಯಯನವೊಂದು ನಡೆಯಿತು. 2012ರಲ್ಲಿ ಅದರ ಫಲಿತಾಂಶ ಬಂದಾಗ, ನೋಡಿಕೊಳ್ಳುವವರ ಆತಂಕ ತುಸು ಹೆಚ್ಚಿದ್ದು ಕಂಡಿತು. ಸ್ಟ್ರೋಕ್ ಬೇರೆ ಕಾಯಿಲೆ, ನಿಜ. ಆದರೂ ನಿಮ್ಮ ಅಳು ನಿಮ್ಮೊಬ್ಬರ ದೌರ್ಬಲ್ಯ ಅಲ್ಲ ಎನ್ನುವುದು ಇದರಿಂದ ಗೊತ್ತಾಗುತ್ತದೆ ಅಲ್ವಾ?

ಫೋಟೋದಲ್ಲಿ ಮಳೆಯಲ್ಲಿ ಓಡಿ ಬಂದವರೂ ಪಕ್ಕದಲ್ಲಿ ಒರಗಿ ಕೂತವರೂ ಒಬ್ಬರೇ. ಆ ವ್ಯತ್ಯಾಸ ಅವರಿಗಿಂತ ನಿಮ್ಮ ಕಣ್ಣಿಗೇ ಮೊದಲು ಬೀಳುತ್ತದೆ. ಅದನ್ನು ನುಂಗಿಕೊಂಡು ನರ್ಸ್ ಥರ ಕೂರಬೇಡಿ. ಆ ದಿನಗಳನ್ನು ಬಾಳಿದವರು ನೀವೂ ಹೌದು. ಅವರಿಲ್ಲದ ಕಡೆ, ಗೆಳತಿಯ ಹತ್ತಿರವೋ ಇಂಥದ್ದೇ ಆರೈಕೆಯಲ್ಲಿರುವ ಇನ್ನೊಬ್ಬರ ಹತ್ತಿರವೋ, ನಿಮ್ಮ ಕಡೆಯ ಕಥೆಯನ್ನು ಪೂರ್ತಿ ಹೇಳಿಕೊಳ್ಳಿ. ಅದರಲ್ಲಿ ಜಗಳವೂ ಇರಲಿ, ಸಿಟ್ಟೂ ಇರಲಿ. ಯಾವುದಾದರೂ ಹಳೆಯ ನೋವು ಮತ್ತೆ ಮತ್ತೆ ಮೇಲೆದ್ದರೆ ಆಪ್ತಸಮಾಲೋಚಕರ ಮುಂದೆ ಕೂರುವುದು ಒಳ್ಳೆಯದು.

ಸ್ಟ್ರೋಕ್ ಆದವರ ಆರೈಕೆ ಮಾಡುವವರಲ್ಲಿ ಹತ್ತಕ್ಕೆ ಸುಮಾರು ನಾಲ್ವರಲ್ಲಿ ಖಿನ್ನತೆಯ ಲಕ್ಷಣ ಇರುತ್ತದೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾಕಾದರೂ ಬದುಕಿದ್ದೇನೋ ಅನ್ನಿಸುತ್ತಿದೆ ಎಂದಾದರೆ ತಡ ಮಾಡದೆ ನಿಮಗಾಗಿಯೇ ಡಾಕ್ಟರ ಹತ್ತಿರ ಹೋಗಿ. ಅಲ್ಲಿ ಆಲ್ಬಮ್ ಸಾಲದು.

ಮಕ್ಕಳು ದಿನಾ ಫೋನ್ ಮಾಡಿ "ಅಪ್ಪ ಹೇಗಿದ್ದಾರೆ" ಎಂದು ಕೇಳುತ್ತಾರೆ ಎಂದಿದ್ದೀರಿ. ವಾರಕ್ಕೊಂದು ಮಧ್ಯಾಹ್ನ ಬಂದು ಅಪ್ಪನ ಜೊತೆ ಆಲ್ಬಮ್ ಹಿಡಿದು ಕೂರಲು ಅವರಿಗೆ ಹೇಳಿ. ಸಂಕೋಚ ಪಡಬೇಡಿ. ಬರಲಾಗದಿದ್ದರೆ ಬೇರೆ ಯಾರನ್ನಾದರೂ ಗೊತ್ತು ಮಾಡಿಕೊಡಲಿ. ಅಷ್ಟು ಹೊತ್ತು ನೀವು ಮನೆಯಿಂದ ಹೊರಗಿರಿ.