ಬಿಡುಗಡೆ ತಡವಾದರೆ ಮೊದಲು ತಂಪಿಗೆ ಅನುಮತಿ ಕೇಳಿ

ನಿಮ್ಮ ತಂದೆಯವರು ಕ್ರಯೋನಿಕ್ಸ್ ಸಂಸ್ಥೆಯಲ್ಲಿ, ಅಂದರೆ ಮುಂದೊಂದು ದಿನ ಬದುಕಿಸಬಹುದೆಂಬ ಆಸೆಯಿಂದ ಸತ್ತವರ ದೇಹವನ್ನು ಅತಿ ತಣ್ಣಗೆ ಕಾಪಿಡುವ ಸಂಸ್ಥೆಯಲ್ಲಿ, ಹೆಸರು ನೋಂದಾಯಿಸಿದ್ದಾರೆ. ಮರಣೋತ್ತರ ಪರೀಕ್ಷೆ, ಅನುಮತಿ ಎಂದು ದೇಹ ಸಿಗುವುದು ತಡವಾದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಹೀಗೆ ಕಾಪಿಟ್ಟ ಯಾರನ್ನೂ ಇದುವರೆಗೆ ಬದುಕಿಸಿಲ್ಲ. ಆದರೂ ಅದು ಅವರ ಆಯ್ಕೆ, ಅದನ್ನು ಗೌರವಿಸಲೇಬೇಕೆಂದು ನಂಬುವವನು ನಾನು.

ದೇಹ ಬಿಟ್ಟುಕೊಡಿ ಎಂದು ಜಗಳಕ್ಕೆ ನಿಲ್ಲುವ ಮೊದಲು, ಅದು ಇರುವ ಕಡೆಯೇ ತಣ್ಣಗಿಡಿ ಎಂದು ಕೇಳಿಕೊಳ್ಳಿ. ಬಿಡುಗಡೆಗೆ ಒಪ್ಪದ ಅಧಿಕಾರಿಯೂ ಇದಕ್ಕೆ ಒಪ್ಪುವ ಸಾಧ್ಯತೆ ಹೆಚ್ಚು. ಅವರ ದೊಡ್ಡ ಆತಂಕ ಒಂದಿರುತ್ತದೆ: ದೇಹದ ಉಷ್ಣಾಂಶವನ್ನೂ ನೋಡಿ ಸಾವಿನ ಸಮಯವನ್ನು ಅಂದಾಜು ಮಾಡುತ್ತಾರೆ. ಹಾಗಾಗಿ ಮೊದಲು ಉಷ್ಣಾಂಶ ಅಳೆದು ಬರೆದುಕೊಳ್ಳಲಿ, ಆಮೇಲೆ ಐಸ್ ಹಾಕಲಿ ಎಂದು ನೀವೇ ಸೂಚಿಸಿ. ವೈದ್ಯರು ಮರಣ ಘೋಷಿಸುವ ಮುನ್ನ, ಅಥವಾ ಪೊಲೀಸರ ವಶದಲ್ಲಿರುವಾಗ ಅನುಮತಿಯಿಲ್ಲದೆ, ದೇಹವನ್ನು ಮುಟ್ಟಲೇಬೇಡಿ.

ತಂಪು ಏಕೆಂದರೆ, ಉಷ್ಣಾಂಶ 10 ಡಿಗ್ರಿ ಇಳಿದಾಗಲೆಲ್ಲ ಜೀವಕೋಶಗಳ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶವಾಗಾರದ ಶೈತ್ಯಪೆಟ್ಟಿಗೆಯನ್ನೇ ನೆಚ್ಚಿಕೊಂಡರೆ ಸಾಲದು. ಅಲ್ಲಿ ತಣ್ಣನೆಯ ಗಾಳಿ ಮಾತ್ರ ಇರುತ್ತದೆ. ಚರ್ಮ ತಣ್ಣಗಾದ ಎಷ್ಟೋ ಹೊತ್ತಿನ ನಂತರವೂ ಒಳಗೆ ಬಿಸಿ ಉಳಿದಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ಆದ್ದರಿಂದ ಐಸ್ ತೇಲುವ ನೀರು ಬೇಕು, ಆ ನೀರು ಚಲಿಸುತ್ತಲೂ ಇರಬೇಕು. ನಿಂತ ನೀರಿನಲ್ಲಿ ಮೈಗೆ ಅಂಟಿಕೊಂಡಂತೆ ಬೆಚ್ಚನೆಯ ತೆಳು ಪದರವೊಂದು ಉಳಿಯುತ್ತದೆ; ಸಣ್ಣ ಪಂಪು ಅದನ್ನು ಕದಡಿದರೆ ತಂಪು ಬೇಗ ಒಳಗಿಳಿಯುತ್ತದೆ. 70 ಕಿಲೋ ತೂಕದ ದೇಹವನ್ನು ಸೊನ್ನೆಯ ಹತ್ತಿರಕ್ಕೆ ತರಲು ಲೆಕ್ಕದ ಪ್ರಕಾರವೇ 25 ಕಿಲೋ ಐಸ್ ಕರಗುತ್ತದೆ. ತೊಟ್ಟಿ, ನೀರು, ಸುತ್ತಲ ಗಾಳಿಯ ಬಿಸಿಯೂ ಸೇರುವುದರಿಂದ ಅದರ ಮೂರು ನಾಲ್ಕು ಪಟ್ಟು ಸಿದ್ಧವಿರಲಿ. ತೊಟ್ಟಿಗೆ ಒಪ್ಪದಿದ್ದರೆ ತಲೆಯ ಸುತ್ತಲಾದರೂ, ಕತ್ತಿನವರೆಗೆ, ಐಸ್ ಚೀಲಗಳನ್ನು ಒತ್ತಾಗಿ ಇಡಿಸಿ. ಉಳಿಸಬೇಕಾದದ್ದು ಮೊದಲು ಮಿದುಳನ್ನು.

ಬೇಗ ತಣ್ಣಗಾಗಲಿ ಎಂದು ಉಪ್ಪು ಬೆರೆಸಬೇಡಿ, ಡ್ರೈ ಐಸ್ ಇಡಬೇಡಿ. ಡ್ರೈ ಐಸ್ ಮೈನಸ್ 78 ಡಿಗ್ರಿಯಷ್ಟು ತಣ್ಣಗಿರುತ್ತದೆ. ದೇಹ ಹೆಪ್ಪುಗಟ್ಟಿದರೆ, ಹಿಮಕಣಗಳಾಗದಂತೆ ತಡೆಯಲು ಸಂಸ್ಥೆಯವರು ಆಮೇಲೆ ಹಾಯಿಸುವ ದ್ರಾವಣ ರಕ್ತನಾಳಗಳ ಮೂಲಕ ಹರಿಯಲಾರದು. ತಡ ತೀರಾ ಹೆಚ್ಚಾದಾಗ ನೇರವಾಗಿ ಹೆಪ್ಪುಗಟ್ಟಿಸುವುದೇ ಮೇಲು ಎಂಬ ನಿರ್ಧಾರಕ್ಕೆ ಸಂಸ್ಥೆ ಬರಬಹುದು. ಆ ನಿರ್ಧಾರ ಅವರಿಗೇ ಇರಲಿ.

ಕಾನೂನಿನ ತೊಡಕನ್ನು ಬದುಕಿರುವಾಗಲೇ ಬಿಡಿಸಿಕೊಳ್ಳುವುದು ಲೇಸು. 2016ರಲ್ಲಿ ಲಂಡನ್ನಿನ ಹೈಕೋರ್ಟ್‌ನಲ್ಲಿ 14 ವರ್ಷದ ಬಾಲಕಿಯೊಬ್ಬಳ ಪ್ರಕರಣ ಬಂತು. ಅವಳು ಕ್ರಯೋನಿಕ್ಸ್ ಬಯಸಿದ್ದಳು, ತಂದೆತಾಯಿಯರಲ್ಲಿ ಒಮ್ಮತವಿರಲಿಲ್ಲ. ದೇಹದ ಬಗ್ಗೆ ತೀರ್ಮಾನಿಸುವ ಹಕ್ಕು ತಾಯಿಯದೆಂದು ನ್ಯಾಯಾಧೀಶರು ಹೇಳಿದ್ದು ಅವಳು ಬದುಕಿರುವಾಗಲೇ. ನಿಮ್ಮ ತಂದೆಯವರೂ ಈಗಲೇ ತಮ್ಮ ಇಚ್ಛೆಯನ್ನು, ಮರಣೋತ್ತರ ಪರೀಕ್ಷೆಗಿರುವ ಆಕ್ಷೇಪವನ್ನು, ಅನಿವಾರ್ಯವಾದರೆ ಮಿದುಳನ್ನು ಕತ್ತರಿಸದೆ ಸ್ಕ್ಯಾನ್ ಮಾತ್ರ ಮಾಡಬೇಕೆಂಬ ಕೋರಿಕೆಯನ್ನು ಬರೆದು ಸಹಿ ಮಾಡಲಿ. ಒಂದು ಪ್ರತಿ ಚಿಕಿತ್ಸೆ ನೀಡುತ್ತಿರುವ ವೈದ್ಯರ ಬಳಿ ಇರಲಿ. ಸಾವಿನ ಕಾರಣ ಅವರೇ ಪ್ರಮಾಣೀಕರಿಸುವಂತಾದರೆ ಪರೀಕ್ಷೆಯ ಪ್ರಶ್ನೆಯೇ ಏಳದಿರಬಹುದು.