ಹೊಗೆಸೊಪ್ಪಿಗೆ ಮಾಡುವಂತೆ ಮಟ್ಟುಗುಳ್ಳಕ್ಕೂ (ಉಡುಪಿಯ ಮಟ್ಟು ಊರಿನ ಬದನೆ) ಕುಳಿ ತೆಗೆದು ಗೊಬ್ಬರ ಹಾಕಬಹುದೇ?

ಖಂಡಿತ ಹಾಕಬಹುದು, ಎರಡೂ ಒಂದೇ ಕುಟುಂಬದ ಗಿಡಗಳು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಸಸಿಯಿಂದ ಸುಮಾರು 10 ಸೆಂ.ಮೀ. ದೂರದಲ್ಲಿ ಕುಳಿ ಮಾಡಿ, ಗೊಬ್ಬರ ಹಾಕಿ ಮಣ್ಣು ಮುಚ್ಚುತ್ತಾರೆ. ಬುಡಕ್ಕೇ ಸುರಿದರೆ ಲವಣಾಂಶ ಎಳೆಬೇರನ್ನು ಸುಡುತ್ತದೆ, ಮೇಲೆ ಎರಚಿದರೆ ಕಳೆಯೂ ಪಾಲು ಪಡೆಯುತ್ತದೆ.

ರಂಜಕವಂತೂ ಮಣ್ಣಲ್ಲಿ ಹೆಚ್ಚು ಚಲಿಸುವುದೇ ಇಲ್ಲ. ನಮ್ಮ ಉಡುಪಿ ಕಡೆಯ ಹುಳಿಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಬೇರಿನ ಹತ್ತಿರ ಒಂದೇ ಕಡೆ ಕೊಡುವುದು ಮೇಲು. ಸಾರಜನಕ ಹಾಗಲ್ಲ, ನೀರಿನ ಜತೆ ಕೆಳಗಿಳಿದುಹೋಗುತ್ತದೆ. ಮರಳು ಹೆಚ್ಚಿರುವ ಗದ್ದೆಯಾದರೆ ಕಂತುಗಳಲ್ಲೇ ಕೊಡಿ. ಹೊಗೆಸೊಪ್ಪಿಗೆ ತಡವಾಗಿ ಸಾರಜನಕ ಕೊಟ್ಟರೆ ಎಲೆ ಹದವಾಗಿ ಮಾಗುವುದಿಲ್ಲ. ಗುಳ್ಳಕ್ಕೆ ಮಾತ್ರ ಕಾಯಿ ಬಿಡುವಾಗಲೂ ಸ್ವಲ್ಪ ಬೇಕು.